ತಿದ್ದಲು ಬರುವ ಬೋರ್ಡು

ಫ್ಲೆಕ್ಸ್ ಬೇಡ ಇನಾಯತ್, ಬಣ್ಣದಲ್ಲೇ ಬರೆದುಕೊಡಿ
ಅಂದರು ವಕೀಲರು.
ಎಷ್ಟೋ ವರ್ಷದಿಂದ ಈ ಊರಲ್ಲಿ ಯಾರೂ
ನನಗೆ ಹಾಗೆ ಅಂದಿರಲಿಲ್ಲ.
ದುರ್ಗಿಗುಡಿಯ ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಕೋಣೆ,
ಎರಡಡಿ ತಗಡು, ಕರಿ ನೆಲ, ಬಿಳಿ ಅಕ್ಷರ:
ಕೆ. ಎಸ್. ವನಮಾಲಾ, ವಕೀಲರು.
ಕೆಳಗೆ ಸಣ್ಣಗೆ, ಸಂಜೆ ಆರರಿಂದ ಒಂಬತ್ತು.
ಬೀದಿಯ ವಕೀಲರೆಲ್ಲರದೂ ಅದೇ ಹೊತ್ತು.

ಮಗುವಿಗೆ ಎಂಟು ತಿಂಗಳಾದಾಗ ಮತ್ತೆ ಫೋನು.
ಹೆಸರು ಇರಲಿ, ಹೊತ್ತು ಅಳಿಸಿ.
ಸಂಜೆ ಅದು ನನ್ನ ಮುಖ ಹುಡುಕುತ್ತೆ,
ನಿದ್ದೆಯಲ್ಲಿರುವ ಮಗುವಿಗೆ ಅಪ್ಪನಾದರೂ ಸಾಕು.
ಟರ್ಪೆಂಟೈನ್ ಬಟ್ಟೆಯಲ್ಲಿ ಒಂಬತ್ತನ್ನು ಒರೆಸಿ
ಬರೆದೆ: ಬೆಳಗಿನ ಜಾವ ನಾಲ್ಕೂವರೆಯಿಂದ ಆರೂವರೆ.
ಆ ಹೊತ್ತಿಗೆ ಯಾರು ಬರ್ತಾರೆ ಮೇಡಂ, ಕಳ್ಳರಾ?
ಅವರಿಗೂ ವಕೀಲರು ಬೇಕಲ್ಲ, ಅಂದರು.

ಯಾರು ಬರುತ್ತಾರೆಂದು ನಾನೇ ನೋಡಿದೆ ಆಮೇಲೆ.
ಶಟರಿಗೆ ಬಣ್ಣ ಬಳಿಯುವವನಿಗೆ
ಅಂಗಡಿ ಮುಚ್ಚಿದ ಮೇಲೇ ಹಗಲು.
ಏಣಿಯನ್ನು ಸೈಕಲ್ಲಿಗೆ ಕಟ್ಟಿ ವಾಪಸಾಗುವಾಗ
ಗಿರಣಿಯ ಮೇಲೆ ಒಂದೇ ಒಂದು ಟ್ಯೂಬ್‌ಲೈಟು,
ಮೆಟ್ಟಿಲ ಮೇಲೆ ಚಪ್ಪಲಿಗಳು.
ಮೆಗ್ಗಾನ್ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ಆಯಾ,
ಹೊಸನಗರದ ಮೊದಲ ಬಸ್ಸಿನ ಕಂಡಕ್ಟರು, ಟಿಕೆಟ್ ಮಿಷನ್ನು ಕೊರಳಲ್ಲೇ,
ಎಟಿಎಂ ಕಾಯುವ ಹಾಲಪ್ಪ,
ಸೇವಂತಿಗೆ ಮೂಟೆಯನ್ನು ಕೆಳಗೇ ಇಳಿಸಿ
ಒಂದು ಕಣ್ಣು ಅದರ ಮೇಲಿಟ್ಟು ಕೂತ ಹೂವಿನವಳು.
ಹಗಲಲ್ಲಿ ಬಂದರೆ ಒಂದು ದಿನದ ಕೂಲಿ ಖೋತಾ,
ನ್ಯಾಯ ಸಿಕ್ಕರೂ ಅದು ವಾಪಸ್ ಬರುವುದಿಲ್ಲ.

ಮತ್ತೆ ಒಬ್ಬಳು. ಹೆಸರು ಕೇಳಲಿಲ್ಲ.
ಹಾಲು ತರುತ್ತೇನೆಂದು ಹೊರಟವಳು.
ಗಂಡ ಏಳುವುದು ಏಳಕ್ಕೆ.
ಅಷ್ಟರೊಳಗೆ ಜೀವನಾಂಶದ ಅರ್ಜಿಗೆ
ನಾಲ್ಕು ಕಡೆ ಸಹಿ ಹಾಕಿ,
ಅರ್ಧ ಲೀಟರಿನ ಎರಡು ಪ್ಯಾಕೆಟ್ಟು ಸೆರಗಲ್ಲಿ ಹಿಡಿದು
ಓಡಿದಳು. ಒಂದರಿಂದ ಹನಿ ಸೋರುತ್ತಿತ್ತು.

ಸಂಘದ ಹಿರಿಯರೊಬ್ಬರು ಕೇಳಿದರಂತೆ:
ಇದೇನಮ್ಮ, ಕಚೇರಿಯೋ ಹಾಲಿನ ಬೂತೋ?
ಹದಿನೇಳು ವರ್ಷದ ಪಾಲಿನ ದಾವೆಯನ್ನು
ಇನ್ನೊಂದು ವಾಯಿದೆಗೆ ದೂಡಿದರೆ ಏನೂ ಇಲ್ಲ,
ಕಚೇರಿಯ ಹೊತ್ತು ಒಂದಿಷ್ಟು ಸರಿದರೆ
ವೃತ್ತಿಯ ಗೌರವಕ್ಕೆ ಕುಂದು.

ಸುಲಭವೇನಲ್ಲ, ಸುಳ್ಳು ಹೇಳಬಾರದು.
ಒಮ್ಮೆ ಪಾಟೀಸವಾಲಿನ ನಡುವೆ ಆಕಳಿಸಿಬಿಟ್ಟರಂತೆ,
ಇದನ್ನೂ ದಾಖಲಿಸಿಕೊಳ್ಳಬೇಕು ಸ್ವಾಮಿ, ಅಂದರಂತೆ ಎದುರು ವಕೀಲರು.
ಒಂದು ಜಾವ ನಾನು ಹೋದಾಗ
ಕಡತದ ಮೇಲೆ ಕೆನ್ನೆಯಿಟ್ಟು ಮಲಗಿದ್ದರು,
ಕೆಂಪು ಟೇಪಿನ ಗೆರೆ ಮುಖದ ಮೇಲೆ.
ಕಂಡಕ್ಟರು ತುಟಿಗೆ ಬೆರಳಿಟ್ಟು
ನಮ್ಮನ್ನೆಲ್ಲ ಮೆಟ್ಟಿಲಲ್ಲೇ ಕೂರಿಸಿದ.
ಹತ್ತು ನಿಮಿಷ. ಬಸ್ಸು ಅವನದೇ ತಾನೆ.

ಮಗು ಶಾಲೆಗೆ ಸೇರಿತು, ಹೊತ್ತು ಮತ್ತೆ ತಿದ್ದಿದೆ.
ಅತ್ತೆಯ ಕಾಲು ಮುರಿಯಿತು, ತಿದ್ದಿದೆ.
ಬುಧವಾರ ಮಾತ್ರ ರಾತ್ರಿ, ಎಂದು ತುರುಕಿದೆ.
ಬಿಸಿಲು ಓರೆಯಾಗಿ ಬಿದ್ದರೆ ಈಗಲೂ
ಕಪ್ಪಿನ ಕೆಳಗಿಂದ ಹಳೆಯ ಅಂಕಿಗಳು ಏಳುತ್ತವೆ,
ಆರು, ನಾಲ್ಕೂವರೆ, ಎರಡು,
ಒಂದರ ಬೆನ್ನ ಮೇಲೆ ಒಂದು.

ಮೊನ್ನೆ ಹೇಳಿದರು, ಹೆಸರಿನ ಕೆಳಗೆ
ಬರೇ ಕಪ್ಪು ಬಳಿದುಬಿಡಿ, ಸೀಮೆಸುಣ್ಣ ಸಾಕು ಇನ್ನು.
ನನ್ನ ಹೊಟ್ಟೆಯ ಮೇಲೆ ಹೊಡೆದಿರಲ್ಲ ಮೇಡಂ, ಎಂದು ನಕ್ಕೆ.
ನಗು ಮುಗಿದರೂ ಏಣಿ ಎತ್ತಲಿಲ್ಲ.
ಜೇಬಿನಲ್ಲಿ ಒಂದು ಚೀಟಿ ಇತ್ತು:
ಗಾಂಧಿ ಬಜಾರಿನ ನಲವತ್ತೊಂದು ಶಟರು,
ಬಾಕಿ ಇಟ್ಟ ಸಾಹುಕಾರರ ಹೆಸರು, ನನ್ನದೇ ದುಂಡಗಿನ ಅಕ್ಷರ.

ಓದಿದರು. ಇನ್ನೊಮ್ಮೆ ಓದಿದರು.
ಕಾಲಮಿತಿ ಮುಗಿಯಲು ಇಪ್ಪತ್ತೆರಡೇ ದಿನ ಇದೆ, ಕೂತ್ಕೊಳ್ಳಿ.
ಫೀಸು? ಅಂದೆ.
ಬೋರ್ಡಿನ ಅಂಚು ತುಕ್ಕು ಹಿಡೀತಿದೆ, ಅಂದರು.