ಹತ್ತು ಗಂಟೆಯ ಮೋಟರು

ತಿತಿಮತಿ ದಾಟಿದ್ದೇ ಕಾಫಿ ಮುಗಿಯಿತು.
ಹೋದ ವಾರದ ಹೂಮಳೆ
ತೋಟದ ಬೇಲಿಯವರೆಗೆ ಬಂದು, ಯಾಕೋ,
ಅಲ್ಲಿಂದಲೇ ವಾಪಸು ಹೋದಂತಿದೆ.
ಇತ್ತ ಮತ್ತಿ, ದಿಂಡಿಲು, ತೇಗ
ಎಲೆ ಕಳಚಿ ನಿಂತು
ಬಿಸಿಲನ್ನು ನೇರ ನೆಲಕ್ಕೆ ಬಿಡುತ್ತಿವೆ.
"ಇದೂ ಕೊಡಗೇನಾ?" ಎಂದಳು ಪೂವಮ್ಮತ್ತೆ,
ಎಪ್ಪತ್ತು ವರ್ಷ ಈ ಜಿಲ್ಲೆಯಲ್ಲೇ ಇದ್ದವಳು,
ಮಡಿಲಲ್ಲಿ ಒಟ್ಟಿಯ ಡಬ್ಬಿ.

ಜೀಪಿನಲ್ಲಿ ಒಂಬತ್ತು ಜನ, ಒಂದೇ ಪ್ರಶ್ನೆ.
ಡ್ರೈವರು ಹುಲಿಯ ಬದಲು ಏನೇನೋ ತೋರಿಸಿದ:
ಉಗುರು ಗೀಚಿದ ಮರ,
ನಿನ್ನೆಯದೊಂದು ಹೆಜ್ಜೆ,
ಬೆಂಕಿರೇಖೆಯ ಕರಿಯ ಬೈತಲೆ,
ಅದರ ಮೇಲೆ ಬೂದಿ ನೆಕ್ಕುವ ಜಿಂಕೆಗಳು.
ಮುಂದಿನ ಸೀಟಿನವರು ಕ್ಯಾಮೆರಾದ ಮುಚ್ಚಳ ತೆಗೆದು
ಮತ್ತೆ ಹಾಕಿದರು.

ಕೆರೆಯೆಂದರೆ ಕೆರೆಯಲ್ಲ. ಬಿರುಕು ಬಿಟ್ಟ
ಎರಡೆಕರೆ ಕೆಸರು, ನಡುವೆ ತಟ್ಟೆಯಷ್ಟು ನೀರು.
ದಡದಲ್ಲಿ ಸೋಲಾರ್ ಹಲಗೆಗಳು, ಸುತ್ತ ಆನೆ ಕಂದಕ.
ಬೆಂಕಿ ಕಾಯುವ ಕೆಲಸದ ಬೋಜ
ತಲೆಯ ಟವಲು ಬಿಚ್ಚಿ ಒಂದೊಂದೇ ಒರೆಸುತ್ತಿದ್ದ,
ಮಗುವಿನ ಮೂಗು ಒರೆಸುವ ಹಾಗೆ, ಸ್ವಲ್ಪ ಬಿರುಸಾಗಿ.
"ಮುಸುವ ಕೂತು ಹೊಲಸು ಮಾಡ್ತವೆ ಸಾರ್.
ಹತ್ತಕ್ಕೆ ಬಿಸಿಲು ಏರ್ತದೆ, ಮೋಟರು ತಾನೇ ಏಳ್ತದೆ.
ತಡ ಆದ್ರೆ ಅವು ಬಂದು ಸುಮ್ನೆ ನಿಂತಿರ್ತವೆ,
ನನ್ನನ್ನೇ ನೋಡ್ಕಂಡು."

ಯಾವುವು ಎಂದು ಯಾರೂ ಕೇಳಲಿಲ್ಲ.
ಡ್ರೈವರು ಎಂಜಿನ್ ಆರಿಸಿದ.
ಉಳಿದಿದ್ದ ತೇಗದೆಲೆಯೊಂದು ಬಿದ್ದದ್ದು ಕೇಳಿಸಿತು.
ಆಮೇಲೆ ಪೈಪಿನೊಳಗೆ ಕೆಮ್ಮು,
ಗಾಳಿ, ಕೆಂಪು ತುಕ್ಕು,
ಕೊನೆಗೆ ನೀರು, ಹೆಬ್ಬೆರಳು ದಪ್ಪ.

ಲಂಟಾನ ಪೊದೆ ಎರಡು ಹೋಳಾಯಿತು.
ಎಷ್ಟು ಹೊತ್ತಿನಿಂದ ಅಲ್ಲಿದ್ದಳೋ ಕಿವಿ ಹರಿದ ಅಜ್ಜಿ,
ಹಿಂದೆ ಮೂವರು, ಕಾಲ ಸಂದಿಯಲ್ಲೊಂದು ಮರಿ.
ಸೊಂಡಿಲನ್ನು ಕೆರೆಗೆ ಇಳಿಸಲಿಲ್ಲ ಅವಳು;
ನೇರ ಪೈಪಿನ ಬಾಯಿಗೆ ಹಿಡಿದಳು,
ಬೀದಿನಲ್ಲಿಗೆ ಮೊದಲು ಬಂದವಳ ಗತ್ತಿನಲ್ಲಿ.
ಮರಿ ನುಗ್ಗಿತು. ಏಟು ತಿಂದಿತು.
ಮತ್ತೆ ನುಗ್ಗಿತು.

"ನಮ್ಮ ಹಾಡಿಗೆ ವಾರಕ್ಕೆರಡು ಸಲ ಟ್ಯಾಂಕರು,"
ಜೀಪಿನ ಮರೆಗೆ ಬಂದು ನಿಂತಿದ್ದ ಬೋಜ ಅಂದ,
ಧೂಳಿನ ಟವಲು ಹಾಗೇ ಸುತ್ತಿಕೊಳ್ಳುತ್ತಾ.
"ಹಾರನ್ ಹೊಡೆದ್ರೆ ಸಾಕು,
ನಮ್ಮವ್ವನೂ ಹಿಂಗೇ ಎದ್ದು ಬರ್ತಳೆ."
ನಗಬೇಕೋ ಬೇಡವೋ ತಿಳಿಯದೆ
ನಾವು ಆನೆಯನ್ನೇ ನೋಡಿದೆವು.
ಅತ್ತೆ ಮಾತ್ರ ಡಬ್ಬಿ ತೆರೆದು
ಎರಡು ಒಟ್ಟಿ ಅವನತ್ತ ಚಾಚಿದಳು.

ವಿರಾಜಪೇಟೆ. ರಾತ್ರಿ ಹನ್ನೊಂದು.
ಮಹಡಿಯ ಟ್ಯಾಂಕು ತುಂಬಿ ಅಂಗಳಕ್ಕೆ ಸುರಿಯುತ್ತಿದೆ,
ಮೋಟರು ಆರಿಸಲು ಮರೆತಿದ್ದೇನೆ.
ಕತ್ತಲಲ್ಲಿ ಸ್ವಿಚ್ಚಿಗೆ ಕೈ ಚಾಚಿದವನು
ಹಾಗೇ ನಿಂತೆ, ಬಾಗಿಲ ಕಡೆ ನೋಡುತ್ತಾ.
ಈ ಸದ್ದಿಗೆ
ಯಾರಾದರೂ ಹೊರಟಿರಬಹುದು.