ಮೇಲ್ವಿಚಾರಕ

ಆದೇಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ
'ಕೊಠಡಿ ಮೇಲ್ವಿಚಾರಕರು', ಎಂಟನೇ ಕೊಠಡಿ, ಸೊರಬ.
ಜವಾನ ಕೆರಿಯಪ್ಪನ ಬಾಯಲ್ಲಿ ಅದು ಜಿಲೇಟ್ರು,
ಹುಡುಗರ ಬಾಯಲ್ಲಿ, ನನಗೆ ಕೇಳಿಸದೆಂದುಕೊಂಡು, ಜಿಲೇಬಿ.

ಗಣಿತದ ದಿನ ಗಣಿತದವರನ್ನು ಒಳಗೆ ಬಿಡುವುದಿಲ್ಲ,
ಹಾಗಾಗಿ ನಾನು, ಚಿತ್ರದ ಮೇಷ್ಟ್ರು.
ಮೊಬೈಲು ಆಫೀಸಿನ ಬಕೆಟ್ಟಿನಲ್ಲಿ.
ಓದುವಂತಿಲ್ಲ, ಕೂರುವಂತಿಲ್ಲ,
ಮೂರು ಗಂಟೆ ಒಂದು ಪದವನ್ನು ಬಿಡಿಸಿ ಕೂಡಿಸಬಹುದು, ಅಷ್ಟೆ.

ವಿಚಾರವೆಂದರೆ ಮೊದಲು ಅಡ್ಡಾಡುವುದಂತೆ.
ಸಂಸ್ಕೃತದ ತಿಮ್ಮಣ್ಣ ಹೆಗಡೆಯವರು ಚಾ ಊದುತ್ತ ಹೇಳಿದ್ದರು:
'ಚರ' ಕಾಲಿನ ಕೆಲಸ ಮಾರಾಯ್ರೇ,
ತಲೆಗೆ ಹತ್ತಿದ್ದು ಆಮೇಲೆ.
ಸರಿ, ಬಾಗಿಲಿಂದ ಕಿಟಕಿಗೆ ಹದಿನಾಲ್ಕು ಹೆಜ್ಜೆ ವಿಚಾರ,
ಕಿಟಕಿಯಿಂದ ಬಾಗಿಲಿಗೆ, ಯಾಕೋ, ಹದಿಮೂರೂವರೆ.

ಅಮ್ಮ ವಿಚಾರಿಸುವುದೆಂದರೆ
ಉಂಡೆಯಾ, ಜ್ವರ ಬಿಟ್ಟಿತಾ.
ಬಸ್‌ಸ್ಟ್ಯಾಂಡಿನಲ್ಲಿ ಕಾಲರು ಹಿಡಿದವ
'ವಿಚಾರಿಸ್ಕೊಳ್ತೀನಿ' ಎಂದರೆ ಬೇರೆ.
ಎರಡರಲ್ಲಿ ಯಾವುದರ ಮೇಲೆ ನಾನು?

ಇಂಗ್ಲಿಷಿನದನ್ನೂ ನಿಘಂಟಿನಲ್ಲಿ ಅಗೆದು ನೋಡಿದ್ದೇನೆ.
ಬೇರು ಲ್ಯಾಟಿನ್ನಿನಲ್ಲಿ:
ಒಂದರ ಮೇಲೆ ಕಣ್ಣಿಟ್ಟು ನಿದ್ದೆಗೆಡುವುದು.
ಹಾಗಾದರೆ ಅಪ್ಪನೂ ಅದೇ ಹುದ್ದೆಯವ,
ಮಾಳದ ಮೇಲೆ ರಾತ್ರಿಯಿಡೀ ಡಬ್ಬ ಬಡಿದು
ಹಂದಿ ಓಡಿಸುತ್ತಿದ್ದ, ಯಾರದೋ ಭತ್ತಕ್ಕೆ.
ಲ್ಯಾಟಿನ್ ಬಂದಿದ್ದರೆ ಕೂಲಿ ಜಾಸ್ತಿ ಕೇಳುತ್ತಿದ್ದನೇನೋ.

ಹನ್ನೊಂದೂವರೆಗೆ ಮೂರನೇ ಸಾಲಿನ ಪೂರ್ಣಿಮಾ ಗುಡಿಗಾರ
ಉತ್ತರಪತ್ರಿಕೆಯ ಮೇಲೆ ಕೆನ್ನೆಯಿಟ್ಟು ಮಲಗಿಬಿಟ್ಟಳು.
ಉಗುರಿನ ಸಂದಿಯಲ್ಲಿ ಬೇಗಡೆ ಹೊಳೆಯುತ್ತಿತ್ತು.
ಲಗ್ನದ ದಿನಗಳು;
ಬಾಸಿಂಗಕ್ಕೆ ಬೆಂಡು ಕತ್ತರಿಸಿ ಅಂಟಿಸಿ ಬೆಳಗು ಮಾಡಿರಬೇಕು.

ಕೈಪಿಡಿಯಲ್ಲಿ ನಕಲಿಗೆ ಪುಟಗಟ್ಟಲೆ ಕಲಮುಗಳಿವೆ,
ನಿದ್ದೆಗೆ ಒಂದೂ ಇಲ್ಲ.
ಮುಟ್ಟುವ ಹಾಗಿಲ್ಲ. ಕೂಗಿದರೆ ಇಪ್ಪತ್ಮೂರು ತಲೆ ಎದ್ದಾವು.
ಮೂಲೆಯ ಕ್ಯಾಮೆರಾ ನನ್ನನ್ನೇ ವಿಚಾರಿಸುತ್ತಿದೆ.

ಪೆನ್ನಿನ ತುದಿಯಿಂದ ಡೆಸ್ಕಿಗೆ
ಟಕ್.
ಇನ್ನೊಂದು, ಟಕ್.
ಅಪ್ಪನ ಡಬ್ಬ ಓಡಿಸುವುದಕ್ಕೆ, ಇದು ಕರೆಯುವುದಕ್ಕೆ,
ಆದರೆ ಬಡಿಯುವ ಕೈಗೆ ಅಷ್ಟೇ ಭಯ.

ಎದ್ದಳು. ಎಲ್ಲಿದ್ದೇನೆಂದು ನೋಡಿದಳು.
ಬಾಯಿ ಒರೆಸಿಕೊಂಡು ಕೈವಾರ ಊರಿ
ಒಂದೇ ಉಸಿರಿಗೆ ವೃತ್ತ ಎಳೆದಳು.
ನಾನು ಚಿತ್ರದ ಮೇಷ್ಟ್ರು, ನೋಡಬಾರದಿತ್ತು, ನೋಡಿದೆ.

ಗಂಟೆ ಹೊಡೆದು ಬಂದ ಕೆರಿಯಪ್ಪ
ಕಟ್ಟಿಗೆ ದಾರ ಬಿಗಿಯುತ್ತ ಕೇಳಿದ:
'ಏನಾರ ಸಿಕ್ತಾ ಜಿಲೇಟ್ರೇ?'
ಏನೂ ಇಲ್ಲ ಮಾರಾಯ, ಅಂದೆ.
ಹೆಬ್ಬೆರಳಿಗೆ ಅಂಟಿದ್ದ ಬೇಗಡೆಯ ಚೂರನ್ನು
ಪ್ಯಾಂಟಿಗೆ ಒರೆಸಿದೆ. ಹೋಗಲಿಲ್ಲ.