ಮಂಡಿಪೇಟೆಯಲ್ಲಿ ಈಕ್ವೆಡಾರ್

ಮಕ್ಕಳ ಟೆಸ್ಟಿಗೆಂದು ತಂದ ನಕ್ಷೆ
ಕೌಂಟರಿನ ಮೇಲೆ ಬಿಚ್ಚಿಕೊಂಡಿತು:
ಈಕ್ವೆಡಾರ್, ಇಪ್ಪತ್ನಾಲ್ಕು ಪ್ರಾಂತ್ಯ.
ರಬ್ಬರ್ ಮೊಹರಿನ ದಾದಾಪೀರ್ ಕನ್ನಡಕ ಏರಿಸಿ
ಅದನ್ನೂ ಬಲದಿಂದ ಎಡಕ್ಕೇ ಓದಿದ,
ನಲವತ್ತು ವರ್ಷದ ಚಟ.

‘ಇವೆರಡು ಯಾಕ್ ಸಾರ್ ಎಳೇ ಹಸಿರು?’
ಹೊಸವು. ಗುವಾಯಾಸ್ ಒಡೆದು ಸಾಂತಾ ಎಲೇನಾ,
ಮೇಲಿನದು ಸಾಂತೊ ದೊಮಿಂಗೊ ದೆ ಲೊಸ್ ತ್ಸಾಚಿಲಾಸ್.
ಬೆರಳು ಮಡಚಿ ಅಕ್ಷರ ಎಣಿಸಿದ.
‘ದುಂಡನೆ ಸೀಲಿಗೆ ಹಿಡಿಯಲ್ಲ.
ಅಲ್ಲಿಯೋನು ಒಳ್ಳೇ ದುಡ್ಡು ಮಾಡ್ಯಾನ.’

ಆಮೇಲೆ ಬಿಸ್ಕತ್ ಡಬ್ಬಿ ತೆಗೆದ.
ತೊಂಬತ್ತೇಳರಲ್ಲಿ ರಾತ್ರಿಯೆಲ್ಲ ಕೂತು ಕೊರೆದದ್ದು:
ತಾ॥ ಹರಪನಹಳ್ಳಿ, ಜಿ॥ ದಾವಣಗೆರೆ.
‘ಬಳ್ಳಾರಿಯಿಂದ ಬಂತು, ಬಳ್ಳಾರಿಗೇ ಹೋತು,
ಈಗ ವಿಜಯನಗರ. ಊರು ಇದ್ದಲ್ಲೇ ಐತೆ,
ನನ್ನ ರಬ್ಬರಿಗಷ್ಟೇ ವಯಸ್ಸಾತು.’

ಪಡುವಣದ ನೀಲಿಯಲ್ಲಿ ಅವನ ಉಗುರು ನಿಂತಿತು.
‘ಶಾಂತಸಾಗರ... ನಮ್ಮ ಸೂಳೆಕೆರೆ ಅಲ್ವಾ?
ಅದೂ ಮೊದ್ಲು ಶಿವಮೊಗ್ಗದ್ದು.’
ನಕ್ಕೆ. ಅವನು ನಗಲಿಲ್ಲ.
ಪ್ಯಾಡಿಗೊತ್ತಿ,
ಗಲಾಪಗೋಸಿನ ಪಕ್ಕ, ಖಾಲಿ ಕಡಲಿಗೆ
ಆ ಹಳೇ ಮೊಹರು ಒಂದೇ ಏಟಿಗೆ ಇಳಿಸಿದ.

ನೇರಳೆ ಮಸಿಯನ್ನು ಊದಿ ಊದಿ ಒಣಗಿಸಿ
ಮಡಚಿ ಕೊಟ್ಟ.
ನಾಳೆ ಮಕ್ಕಳ ಮುಂದೆ ಹೇಗೆ ಬಿಚ್ಚಲಿ?